ಮ್ಯಾಪ್‌ನಲ್ಲೂ ಸಿಗಲಿ ನಿಮ್ಮ ಸಲೂನ್

ಬಡಾವಣೆಗೆ ಹೊಸದಾಗಿ ಬಂದವರು ಒಳ್ಳೆಯ ಕಟಿಂಗ್ ಶಾಪ್ ಎಲ್ಲಿದೆಯೆಂದು ಪಕ್ಕದ ಮನೆಯವರನ್ನು ಕೇಳುವುದು ಈಗ ಅಪರೂಪ. ಫೋನ್ ತೆಗೆದು ‘ಸಲೂನ್ ನಿಯರ್ ಮಿ’ ಎಂದು ಹುಡುಕುತ್ತಾರೆ, ಮೇಲೆ ಕಂಡ ಎರಡು-ಮೂರು ಹೆಸರುಗಳಲ್ಲೊಂದಕ್ಕೆ ಕರೆ ಮಾಡುತ್ತಾರೆ.

ಆ ಪಟ್ಟಿ ಸೇರಲು ಕಾಸಿನ ಖರ್ಚಿಲ್ಲ. 2021ರವರೆಗೆ ‘ಗೂಗಲ್ ಮೈ ಬಿಸಿನೆಸ್’ ಆಗಿದ್ದ ಸೇವೆ ಈಗ ‘ಗೂಗಲ್ ಬಿಸಿನೆಸ್ ಪ್ರೊಫೈಲ್’. ಹೆಸರು, ವಿಳಾಸ, ನಂಬರ್ ತುಂಬಿ, ಅಂಗಡಿ ತಮ್ಮದೇ ಎಂದು ದೃಢಪಡಿಸಬೇಕು. ಅದಕ್ಕಾಗಿ ಬೋರ್ಡು, ರಸ್ತೆ, ಒಳಗಿನ ಕುರ್ಚಿ-ಕನ್ನಡಿ ಕಾಣುವ ವಿಡಿಯೊ ಕೇಳುವುದೂ ಉಂಟು.

ಯಾರ ಹೆಸರು ಮೇಲೆ ಬರುತ್ತದೆ? ಹುಡುಕಿದ್ದಕ್ಕೆ ಹೊಂದಿಕೆ, ದೂರ, ಹೆಸರುವಾಸಿತನ ಎಂಬ ಮೂರು ಅಂಶಗಳನ್ನು ಗೂಗಲ್ ಮುಖ್ಯವಾಗಿ ನೋಡುತ್ತದೆ. ದೂರ ಯಾರ ಕೈಯಲ್ಲೂ ಇಲ್ಲ, ಉಳಿದೆರಡಕ್ಕೆ ದುಡಿಯಬಹುದು. ಬರೀ ‘ಸಲೂನ್’ ಎಂದು ಬಿಡುವ ಬದಲು ಕೆರಾಟಿನ್, ಮದುಮಗಳ ಅಲಂಕಾರ, ಮಕ್ಕಳ ಕಟಿಂಗ್ ಎಂದು ಸೇವೆಗಳನ್ನು ದರದೊಂದಿಗೆ ಬಿಡಿಸಿ ಬರೆದವರಿಗೆ ಅನುಕೂಲ ಹೆಚ್ಚು. ನಮ್ಮಲ್ಲಿ ಅನೇಕ ಸಲೂನ್‌ಗಳಿಗೆ ಮಂಗಳವಾರ ರಜೆ. ಅದನ್ನು ನಮೂದಿಸದಿದ್ದರೆ ಬಂದ ಗಿರಾಕಿ ಮುಚ್ಚಿದ ಶಟರ್ ನೋಡಿ ಒಂದು ಸ್ಟಾರ್ ಒತ್ತಿ ಹೋದಾನು!

ಸ್ಟಾರ್‌ಗಳಿಗಾಗಿ ರಿಯಾಯಿತಿಯ ಆಸೆ ತೋರಿಸುವುದು ಬೇಡ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ಅಂಥ ವಿಮರ್ಶೆಗಳನ್ನು ಗೂಗಲ್ ಅಳಿಸಿಹಾಕಬಹುದು. ಕೆಲಸ ಮೆಚ್ಚಿದವರನ್ನು ನಾಲ್ಕು ಸಾಲು ಬರೆಯಿರೆಂದು ಕೇಳುವುದರಲ್ಲಿ ತಪ್ಪಿಲ್ಲ. ದೂರು ಬಂದರೆ ಜಗಳಕ್ಕಿಳಿಯದೆ ಉತ್ತರಿಸಬೇಕು. ಹೇರ್‌ಕಟ್‌ನ ಮೊದಲ-ನಂತರದ ಫೋಟೊ ಹಾಕುವ ಮುನ್ನ ಗಿರಾಕಿಯ ಒಪ್ಪಿಗೆ ಇರಲಿ.

ಇವತ್ತೇ ಬಿಡುವು ಮಾಡಿಕೊಂಡು ನಿಮ್ಮ ಅಂಗಡಿಯ ಹೆಸರನ್ನು ನೀವೇ ಹುಡುಕಿ ನೋಡಿ. ಹಳೆಯ ನಂಬರ್ ಕಂಡರೆ ಮೊದಲು ಅದನ್ನು ಬದಲಿಸಿ.