ಸಹನೆಯಲ್ಲ, ಹಕ್ಕು: ವರ್ಜೀನಿಯಾದ ಒಂದು ಕಾನೂನಿನ ಕಥೆ



ಕೆಲವು ವಾರಗಳ ಹಿಂದೆ ನಮ್ಮ ದೇವಸ್ಥಾನದ ಭಾನುವಾರದ ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ, "ಅಂಕಲ್, ಇಲ್ಲಿ ಪೂಜೆ ಮಾಡೋಕೆ ನಮಗೆ ಪರ್ಮಿಶನ್ ಕೊಟ್ಟಿದ್ದು ಯಾರು?" ಎಂದು ಕೇಳಿದ. ಕಟ್ಟಡದ ಪರ್ಮಿಟ್ ಟೌನ್‌ನವರು ಕೊಟ್ಟರು ಎಂದೆ. "ಅದಲ್ಲ ಅಂಕಲ್, ಪೂಜೆ ಮಾಡೋಕೆ" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ತಪ್ಪಿಸಿಕೊಂಡೆ. ನಾನು ಇಂಜಿನಿಯರಿಂಗ್ ಓದಿದವನು, ಇತಿಹಾಸದ ಪಂಡಿತನಲ್ಲ. ಆದರೂ ಆ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಸಮಾಧಿಯ ಮೇಲಿನ ಮೂರು ಸಾಧನೆಗಳು

ಥಾಮಸ್ ಜೆಫರ್ಸನ್ (1743–1826) ಅಮೆರಿಕದ ಮೂರನೆಯ ಅಧ್ಯಕ್ಷರು. ವರ್ಜೀನಿಯಾದ ಮಾಂಟಿಚೆಲೊದಲ್ಲಿರುವ ತಮ್ಮ ಸಮಾಧಿಯ ಮೇಲೆ ಏನು ಕೆತ್ತಬೇಕೆಂದು ಅವರೇ ಬರೆದಿಟ್ಟಿದ್ದರು. ಅದರಲ್ಲಿರುವುದು ಮೂರೇ ಸಾಧನೆಗಳು: ಸ್ವಾತಂತ್ರ್ಯ ಘೋಷಣೆಯನ್ನು ಬರೆದದ್ದು, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾನೂನನ್ನು ಬರೆದದ್ದು, ವರ್ಜೀನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದು. ಎಂಟು ವರ್ಷ ದೇಶದ ಅಧ್ಯಕ್ಷರಾಗಿದ್ದ ವಿಷಯ ಅಲ್ಲಿ ಇಲ್ಲವೇ ಇಲ್ಲ! ಮೊದಲನೆಯದು ಎಲ್ಲರಿಗೂ ಗೊತ್ತು. ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಇರುವುದು ಎರಡನೆಯದರಲ್ಲಿ.

ಹೊಗೆಸೊಪ್ಪಿನ ಸಂಬಳ

ಬ್ರಿಟಿಷರ ಆಳ್ವಿಕೆಯಲ್ಲಿ ವರ್ಜೀನಿಯಾಕ್ಕೆ ಒಂದು ಸರ್ಕಾರಿ ಚರ್ಚ್ ಇತ್ತು, ಅದು ಚರ್ಚ್ ಆಫ್ ಇಂಗ್ಲೆಂಡ್. ಅದರ ಪಾದ್ರಿಗಳ ಸಂಬಳಕ್ಕೆ ಎಲ್ಲರೂ ತೆರಿಗೆ ಕೊಡಬೇಕಿತ್ತು, ಆ ಚರ್ಚಿಗೆ ಸೇರದವರೂ ಸಹ. ಆಗ ಅಲ್ಲಿ ಹೊಗೆಸೊಪ್ಪೇ ಹಣವಾಗಿ ನಡೆಯುತ್ತಿತ್ತು. ಒಬ್ಬ ಪಾದ್ರಿಯ ಸಂಬಳ ವರ್ಷಕ್ಕೆ 16,000 ಪೌಂಡ್ ಹೊಗೆಸೊಪ್ಪು ಎಂದು ಕಾನೂನಿನಲ್ಲೇ ಗೊತ್ತುಮಾಡಿದ್ದರು. ಬ್ಯಾಪ್ಟಿಸ್ಟ್ ಪಂಗಡದ ಕೆಲವು ಬೋಧಕರನ್ನು ಅಪ್ಪಣೆಯಿಲ್ಲದೆ ಬೋಧನೆ ಮಾಡಿದರೆಂದು ಜೈಲಿಗೆ ಹಾಕಿದ್ದೂ ಉಂಟು. 1774ರಲ್ಲಿ ಜೇಮ್ಸ್ ಮ್ಯಾಡಿಸನ್ ಎಂಬ 22 ವರ್ಷದ ತರುಣ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ, ಪಕ್ಕದ ಕೌಂಟಿಯಲ್ಲಿ ಹೀಗೆ ಜೈಲು ಸೇರಿದ ಐದಾರು ಜನರ ಬಗ್ಗೆ ಬಹಳ ನೊಂದುಕೊಂಡಿದ್ದಾನೆ. ಮುಂದೆ ದೇಶದ ನಾಲ್ಕನೆಯ ಅಧ್ಯಕ್ಷರಾದದ್ದು ಇದೇ ಮ್ಯಾಡಿಸನ್.

ಒಂದು ಪದದ ತಿದ್ದುಪಡಿ

1776ರಲ್ಲಿ ವರ್ಜೀನಿಯಾ ತನ್ನ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸಿತು. ಕರಡು ಬರೆದವರು ಜಾರ್ಜ್ ಮೇಸನ್. ಧರ್ಮದ ವಿಷಯದಲ್ಲಿ ಎಲ್ಲರಿಗೂ ಪೂರ್ಣ "ಸಹನೆ" ತೋರಿಸಬೇಕು ಎಂದು ಅವರು ಬರೆದಿದ್ದರು. ಆ ಕಾಲಕ್ಕೆ ಅದು ಉದಾರವಾದ ಮಾತೇ. ಆದರೆ 25 ವರ್ಷದ ಮ್ಯಾಡಿಸನ್ ಒಪ್ಪಲಿಲ್ಲ. ಸಹನೆ ಎಂದರೆ ದೊಡ್ಡವನು ಚಿಕ್ಕವನಿಗೆ ತೋರಿಸುವ ದಾಕ್ಷಿಣ್ಯ. ಇವತ್ತು ಸಹಿಸಿಕೊಂಡವನು ನಾಳೆ ಸಹಿಸದೇ ಇರಬಹುದು. ಅವರ ಸಲಹೆಯಂತೆ ಆ ಪದವನ್ನು ತೆಗೆದು, ತಮ್ಮ ಧರ್ಮವನ್ನು ಆಚರಿಸಲು ಎಲ್ಲರೂ ಸಮಾನ ಹಕ್ಕುಳ್ಳವರು ಎಂದು ತಿದ್ದಿದರು. ತಿದ್ದಿದ್ದು ಚಿಕ್ಕದು, ಆದರೆ ಅರ್ಥವೇ ಬದಲಾಯಿತು. ಕೊಡುವವರೂ ಇಲ್ಲ, ಬೇಡುವವರೂ ಇಲ್ಲ.

ಒಳ್ಳೆಯ ಮನಸ್ಸಿನ ಒಂದು ತೆರಿಗೆ

ಜೆಫರ್ಸನ್ 1777ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಮಸೂದೆ ಬರೆದರು. 1779ರಲ್ಲಿ ಅದು ಶಾಸನ ಸಭೆಗೆ ಬಂದರೂ ಅಂಗೀಕಾರವಾಗಲಿಲ್ಲ. 1784ರಲ್ಲಿ ಪ್ಯಾಟ್ರಿಕ್ ಹೆನ್ರಿ ಬೇರೊಂದು ಮಸೂದೆಗೆ ಬೆಂಬಲವಾಗಿ ನಿಂತರು. ಕ್ರೈಸ್ತ ಬೋಧಕರಿಗಾಗಿ ಎಲ್ಲರ ಮೇಲೂ ಒಂದು ತೆರಿಗೆ ಹಾಕುವುದು. ಹಣ ಯಾವ ಪಂಗಡಕ್ಕೆ ಹೋಗಬೇಕೆಂದು ಕೊಡುವವರೇ ಹೇಳಬಹುದು. ಯಾವುದನ್ನೂ ಹೇಳದವರ ಹಣ ಶಿಕ್ಷಣಕ್ಕೆ. ಯುದ್ಧದ ನಂತರ ಜನರ ನೀತಿ ಕೆಡುತ್ತಿದೆ, ಧರ್ಮಕ್ಕೆ ಆಸರೆ ಬೇಕು ಎಂಬುದು ಹೆನ್ರಿಯವರ ಕಾಳಜಿ. ಜಾರ್ಜ್ ವಾಷಿಂಗ್ಟನ್ ಅವರಿಗೂ ಇದರಲ್ಲಿ ದೊಡ್ಡ ತಪ್ಪೇನೂ ಕಾಣಲಿಲ್ಲ. ಪ್ರಾಮಾಣಿಕವಾಗಿ ಹೇಳುತ್ತೇನೆ, ಮೊದಲ ಸಲ ಓದಿದಾಗ ನನಗೂ ಕಾಣಲಿಲ್ಲ.

ಮ್ಯಾಡಿಸನ್ ಅವರಿಗೆ ಕಂಡಿತು. 1785ರಲ್ಲಿ ಅವರು ತಮ್ಮ ಹೆಸರು ಹಾಕದೆ 15 ಅಂಶಗಳ ಒಂದು ಮನವಿ ಪತ್ರ ಬರೆದರು. ಅದರ ವಾದದ ಸಾರ ಇಷ್ಟು: ಉಳಿದ ಧರ್ಮಗಳನ್ನು ಬಿಟ್ಟು ಕ್ರೈಸ್ತ ಧರ್ಮವನ್ನು ಎತ್ತಿ ಹಿಡಿಯುವ ಅಧಿಕಾರ ಸರ್ಕಾರಕ್ಕೆ ಇದ್ದರೆ, ನಾಳೆ ಉಳಿದ ಪಂಗಡಗಳನ್ನು ಬಿಟ್ಟು ಒಂದೇ ಪಂಗಡವನ್ನು ಎತ್ತಿ ಹಿಡಿಯುವ ಅಧಿಕಾರವೂ ಅದಕ್ಕೆ ಇದ್ದ ಹಾಗೆಯೇ. ಇಂದು ಮೂರು ಪೆನ್ಸ್ ಬಲವಂತವಾಗಿ ವಸೂಲಿ ಮಾಡಬಲ್ಲವರು ನಾಳೆ ಯಾವುದಕ್ಕೂ ಬಲವಂತ ಮಾಡಬಲ್ಲರು. ಸರ್ಕಾರದ ಊರುಗೋಲು ಧರ್ಮಕ್ಕೆ ಬಲ ಕೊಡುವುದಿಲ್ಲ, ಕೆಡಿಸುತ್ತದೆ. ಊರೂರಿನಲ್ಲಿ ಇಂಥ ಮನವಿಗಳಿಗೆ ಸಾವಿರಾರು ಜನ ಸಹಿ ಹಾಕಿದರು. ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರು ಮುಂದೆ ನಿಂತರು. ಅಂದರೆ ಧರ್ಮಕ್ಕೆ ತೆರಿಗೆ ಬೇಡವೆಂದವರಲ್ಲಿ ಬಹಳ ಜನ ಧರ್ಮಶ್ರದ್ಧೆಯುಳ್ಳವರೇ!

ತೆರಿಗೆ ಮಸೂದೆ ಬಿದ್ದುಹೋಯಿತು. ಅದೇ ಹುರುಪಿನಲ್ಲಿ ಮ್ಯಾಡಿಸನ್ ಗೆಳೆಯನ ಹಳೆಯ ಮಸೂದೆಯನ್ನು ಮತ್ತೆ ಸಭೆಯ ಮುಂದಿಟ್ಟರು. 1786ರ ಜನವರಿ 16ರಂದು ಅದು ಅಂಗೀಕಾರವಾಯಿತು. ಜೆಫರ್ಸನ್ ಆಗ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದರು.

ಆ ಪಟ್ಟಿಯಲ್ಲಿ ನಾವೂ ಇದ್ದೆವು

ಈ ಚರ್ಚೆಯ ವೇಳೆ ಪೀಠಿಕೆಯಲ್ಲಿ ಯೇಸು ಕ್ರಿಸ್ತನ ಹೆಸರು ಸೇರಿಸಬೇಕೆಂಬ ಸೂಚನೆ ಬಂದು, ಬಹುಮತದಿಂದ ಬಿದ್ದುಹೋಯಿತು. 1821ರಲ್ಲಿ ಆತ್ಮಕಥೆ ಬರೆಯುವಾಗ ಜೆಫರ್ಸನ್ ಇದನ್ನು ನೆನೆಸಿಕೊಂಡಿದ್ದಾರೆ. ಈ ಕಾನೂನಿನ ರಕ್ಷಣೆ ಯಾರಿಗೆಲ್ಲ ಎಂದು ಹೇಳುತ್ತಾ ಯಹೂದಿ, ಕ್ರೈಸ್ತ, ಮುಸಲ್ಮಾನ, ನಾಸ್ತಿಕ ಇವರ ಜೊತೆಗೆ ಹಿಂದೂವಿನ ಹೆಸರನ್ನೂ ಬರೆದಿದ್ದಾರೆ. ಆಗ ವರ್ಜೀನಿಯಾದಲ್ಲಿ ಒಂದು ಹಿಂದೂ ದೇವಸ್ಥಾನವೂ ಇರಲಿಲ್ಲ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

1791ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಇದೇ ತತ್ವವನ್ನು ಕೇಂದ್ರ ಸರ್ಕಾರಕ್ಕೆ ಕಟ್ಟುಪಾಡಾಗಿ ಮಾಡಿತು. ರಾಜ್ಯಗಳು ನಿಧಾನವಾಗಿ ಬಂದವು. ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚ್ ತೆರಿಗೆ 1833ರವರೆಗೂ ಇತ್ತು. ಧರ್ಮಾಚರಣೆಯ ಹಕ್ಕನ್ನು ರಾಜ್ಯಗಳೂ ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1940ರಲ್ಲಿ.

ಕಥೆಯ ಇನ್ನೊಂದು ಮುಖ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತೆ. ಮನಸ್ಸಿನ ಸ್ವಾತಂತ್ರ್ಯದ ಬಗ್ಗೆ ಇಷ್ಟು ಚೆನ್ನಾಗಿ ಬರೆದ ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಮ್ಯಾಡಿಸನ್ ಅವರೂ ಗುಲಾಮರ ಒಡೆಯರೇ. 1790ರ ಪೌರತ್ವ ಕಾನೂನು ಹೊರದೇಶದಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರತ್ವದ ಅವಕಾಶ ಕೊಟ್ಟಿತು. ಪಂಜಾಬಿನಿಂದ ಬಂದು ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ 1923ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣದಿಂದ ಪೌರತ್ವವಿಲ್ಲ ಎಂದಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಪೂಜಿಸುವ ಹಕ್ಕು ಕಾಗದದ ಮೇಲಿತ್ತು, ಪೂಜಿಸುವವನಿಗೆ ಇಲ್ಲಿ ಪೌರನಾಗುವ ಹಕ್ಕು ಇರಲಿಲ್ಲ. ಬರೆದವರಿಗಿಂತ ಅವರು ಬರೆದ ಮಾತು ದೊಡ್ಡದಾಗಿತ್ತು. ಆ ಮಾತಿನ ಮಟ್ಟಕ್ಕೆ ದೇಶ ಏರಲು ತಲೆಮಾರುಗಳೇ ಬೇಕಾದವು. ಅನೇಕರು ಅದಕ್ಕಾಗಿ ಹೋರಾಡಬೇಕಾಯಿತು.

ನಮಗೆ ಇದರಿಂದ ಏನು?

ನ್ಯೂಯಾರ್ಕಿನ ಫ್ಲಶಿಂಗ್ ಗಣೇಶ ದೇವಸ್ಥಾನದ ಕುಂಭಾಭಿಷೇಕ ನಡೆದದ್ದು 1977ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ. ಇಂದು ಯಾವುದೇ ಟೌನ್‌ನವರು ದೇವಸ್ಥಾನದ ಪಾರ್ಕಿಂಗ್ ಬಗ್ಗೆ, ಟ್ರಾಫಿಕ್ ಬಗ್ಗೆ ಪ್ರಶ್ನೆ ಕೇಳಬಹುದು. ಅದು ಅವರ ಕೆಲಸ. ಒಳಗೆ ಯಾವ ದೇವರು ಎಂಬ ಕಾರಣಕ್ಕೆ ಬೇಡ ಎನ್ನುವಂತಿಲ್ಲ. ಜಾಗದ ನಿಯಮಗಳ ನೆಪದಲ್ಲಿ ಭೇದ ಮಾಡಬಾರದೆಂದು 2000ದಲ್ಲಿ ಪ್ರತ್ಯೇಕ ಕೇಂದ್ರ ಕಾನೂನೇ ಬಂದಿದೆ.

ಆದರೆ ಈ ಹಕ್ಕಿನ ಜೊತೆಗೆ ಒಂದು ಜವಾಬ್ದಾರಿಯೂ ಇದೆ. ಊರಿನಲ್ಲಿ ಮುಜರಾಯಿ ದೇವಸ್ಥಾನಗಳಿಗೆ ಸರ್ಕಾರದಿಂದ ತಸ್ತೀಕ್ ಬರುತ್ತದೆ. ಇಲ್ಲಿ ನಮ್ಮ ಅರ್ಚಕರ ಸಂಬಳ ಯಾವ ಸರ್ಕಾರವೂ ಕೊಡುವುದಿಲ್ಲ. ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗಬಹುದು, ಆದರೆ ಕೊಡುವುದು ಬಿಡುವುದು ನಮ್ಮ ಇಷ್ಟ. ನಮ್ಮ ಹುಂಡಿ, ನಮ್ಮ ಅಡುಗೆಮನೆಯ ಸ್ವಯಂಸೇವಕರು, ಹಬ್ಬದ ದಿನ ಪಾರ್ಕಿಂಗ್ ನೋಡಿಕೊಳ್ಳುವ ಹುಡುಗರು, ಇವರೇ ಮ್ಯಾಡಿಸನ್ ಅವರ ವಾದಕ್ಕೆ ಸಾಕ್ಷಿ. ಹಾಗೆಯೇ ಈ ಹಕ್ಕು ನಮ್ಮೊಬ್ಬರದಲ್ಲ. ಎದುರು ಬೀದಿಯ ಮಸೀದಿಗೂ, ಯಾವ ದೇವರನ್ನೂ ನಂಬದ ಸಹೋದ್ಯೋಗಿಗೂ ಅಷ್ಟೇ ಸಲ್ಲುತ್ತದೆ. ಅವರ ಹಕ್ಕಿಗೆ ಕುತ್ತು ಬಂದಾಗ ನಾವು ಸುಮ್ಮನಿದ್ದರೆ, ನಮ್ಮದು ಮತ್ತೆ ಬರೀ "ಸಹನೆ"ಯಾಗಿ ಉಳಿಯುತ್ತದೆ.

ಮುಂದಿನ ಭಾನುವಾರ ಆ ಹುಡುಗನಿಗೆ ಹೇಳಿದೆ: "ಪರ್ಮಿಶನ್ ಯಾರೂ ಕೊಡಲಿಲ್ಲಪ್ಪ. ಯಾರೂ ಕೊಡಬೇಕಾಗಿಲ್ಲ ಅಂತ 1786ರಲ್ಲೇ ಬರೆದಿಟ್ಟಿದ್ದಾರೆ."

ಮನೆಯಲ್ಲಿ ಮಕ್ಕಳೊಂದಿಗೆ ಮಾತಾಡಲು

1. "ನಿನ್ನನ್ನು ಸಹಿಸಿಕೊಳ್ಳುತ್ತೇನೆ" ಎನ್ನುವುದಕ್ಕೂ "ನಿನಗೆ ಹಕ್ಕಿದೆ" ಎನ್ನುವುದಕ್ಕೂ ಏನು ವ್ಯತ್ಯಾಸ?
2. ಹೆನ್ರಿಯವರ ತೆರಿಗೆ ಇಂದು ಬಂದು, ನಮ್ಮ ಹಣ ನಮ್ಮ ದೇವಸ್ಥಾನಕ್ಕೇ ಬರುವುದಾದರೆ ನೀವು ಒಪ್ಪುತ್ತೀರಾ? ಏಕೆ?
3. ಒಳ್ಳೆಯ ಮಾತು ಬರೆದವರು ಅದರಂತೆ ನಡೆಯದಿದ್ದರೆ, ಆ ಮಾತಿನ ಬೆಲೆ ಕಡಿಮೆಯಾಗುತ್ತದೆಯೇ?

ಕೊನೆಗೊಂದು ಮಾತು. ಜನವರಿ 16ನ್ನು ಅಮೆರಿಕದಲ್ಲಿ 1993ರಿಂದ ಧಾರ್ಮಿಕ ಸ್ವಾತಂತ್ರ್ಯ ದಿನವೆಂದು ಆಚರಿಸುತ್ತಾರೆ. ನಮ್ಮ ಸಂಕ್ರಾಂತಿಯ ಮಗ್ಗುಲಲ್ಲೇ ಬರುವ ದಿನ. ಎಳ್ಳು ಬೆಲ್ಲ ಹಂಚುವಾಗ ಈ ಸಲ ಪಕ್ಕದ ಮನೆಯವರಿಗೂ ಕೊಟ್ಟು, ಈ ಕಥೆಯನ್ನೂ ಹೇಳಿ.