ಯಾರಿಗೆ ಮಾಡುತ್ತಿದ್ದೀರಿ?

ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಹೊಸದಾಗಿ ಬಂದ ಮಕ್ಕಳ ಕಣ್ಣು ಮೊದಲು ಹೋಗುವುದು ತ್ರೀಡಿ ಪ್ರಿಂಟರ್ ಕಡೆಗೆ. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಯೋಜನೆಯಿದು. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಪ್ರಿಂಟರ್, ಆರ್ಡುಯಿನೋ, ಬಗೆಬಗೆಯ ಸೆನ್ಸರ್ ಎಲ್ಲವೂ ಎದುರಿಗಿರುವಾಗ ಯಾವುದಾದರೊಂದು ತಂಡ ಬಂದು, “ಸರ್, ಅಂಗವಿಕಲರಿಗೆ ಉಪಯೋಗ ಆಗೋ ಹಾಗೆ ಏನಾದ್ರೂ ಮಾಡೋಣ” ಎಂದು ಕೇಳಿಯೇ ಕೇಳುತ್ತದೆ. ನನಗೆ ಬಹಳ ಇಷ್ಟವಾಗುವ ಮಾತಿದು. ಆದರೆ ಪ್ರಿಂಟರ್ ಸ್ವಿಚ್ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಯಾರಿಗೆ?

‘ಅಂಗವಿಕಲರಿಗೆ’ ಎಂದರೆ ಸಾಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕಣ್ಣು ಕಾಣದವರ ಕಷ್ಟವೇ ಬೇರೆ, ಕೈಬೆರಳು ಮಡಚಲಾಗದವರ ಕಷ್ಟವೇ ಬೇರೆ. ಅದಕ್ಕೇ ಒಬ್ಬರನ್ನು ಹಿಡಿಯಿರಿ, ಅವರ ಒಂದೇ ಒಂದು ಕೆಲಸವನ್ನು ಹಿಡಿಯಿರಿ. ನಿಮ್ಮ ಬೀದಿಯಲ್ಲೇ ಸಂಧಿವಾತದಿಂದ ಬೆರಳ ಗೆಣ್ಣು ಊದಿಕೊಂಡ ಅಜ್ಜಿಯೊಬ್ಬರು ಇದ್ದಾರೆ, ಬಾಗಿಲ ಬೀಗ ತೆಗೆಯುವುದು ಅವರಿಗೆ ದಿನವೂ ಗೋಳು ಎಂದಿಟ್ಟುಕೊಳ್ಳಿ. ಒಂದು ಯೋಜನೆಗೆ ಅಷ್ಟೇ ಧಾರಾಳ ಸಾಕು.

ಮೊದಲ ಕೆಲಸ ಅಜ್ಜಿಯ ಮನೆಗೆ ಹೋಗುವುದು. ಅವರ ಒಪ್ಪಿಗೆ ಕೇಳಿ, ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿ. ಬೀಗದಕೈಯನ್ನು ನಾವು ಹೆಬ್ಬೆರಳ ತುದಿಯಿಂದ ಹಿಂಡಿ ಹಿಡಿಯುತ್ತೇವೆ. ಅವರು ಅದನ್ನು ತೋರುಬೆರಳಿನ ಬುಡಕ್ಕೆ ಒತ್ತಿಕೊಂಡು ಮಣಿಕಟ್ಟನ್ನೇ ತಿರುಗಿಸುತ್ತಿರಬಹುದು. ಚಿಲಕದಲ್ಲಿ ತೂಗುವ ಬೀಗ ಅಲ್ಲಾಡದ ಹಾಗೆ ಎಡಗೈಯಲ್ಲಿ ಹಿಡಿದುಕೊಳ್ಳುವುದೇ ತಿರುಗಿಸುವುದಕ್ಕಿಂತ ಕಷ್ಟವಾಗಿರಬಹುದು. ಬೀಗದಕೈಯ ತಲೆಯ ತೂತಿಗೆ ಉದ್ದನೆಯ ಮೊಳೆ ತೂರಿಸಿ ತಿರುಗಿಸುವ ಉಪಾಯವನ್ನು ಅಜ್ಜಿಯೇ ಆಗಲೇ ಕಂಡುಕೊಂಡಿರಲೂಬಹುದು. ಅಂಥದ್ದೇನಾದರೂ ಕಂಡರೆ ಕೂಡಲೇ ಬರೆದುಕೊಳ್ಳಿ. ತೊಂದರೆಯೊಡನೆ ವರ್ಷಗಟ್ಟಲೆ ಬಾಳಿದವರು ಮಾಡಿಕೊಂಡ ಉಪಾಯಕ್ಕೆ ಲ್ಯಾಬಿನಲ್ಲಿ ಕೂತು ಹೊಳೆದ ಹತ್ತು ವಿಚಾರಗಳೂ ಸಮವಲ್ಲ ಎಂದು ನಾನು ನಂಬುತ್ತೇನೆ.

ಲ್ಯಾಬಿಗೆ ಮರಳಿದ ಮೇಲೆ ಬ್ರೈನ್‌ಸ್ಟಾರ್ಮಿಂಗ್. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. 1953ರ ತಮ್ಮ ಪುಸ್ತಕದಲ್ಲಿ ಅವರು ಹೇಳಿದ ನಿಯಮಗಳು ಸರಳ: ಆ ಹೊತ್ತಿನಲ್ಲಿ ಯಾರ ಮಾತನ್ನೂ ಟೀಕಿಸಬೇಡಿ, ವಿಚಿತ್ರ ಅನ್ನಿಸಿದ್ದನ್ನೂ ಹೇಳಿ, ಆದಷ್ಟು ಹೆಚ್ಚು ಹೇಳಿ, ಇನ್ನೊಬ್ಬರ ವಿಚಾರಕ್ಕೆ ನಿಮ್ಮದನ್ನು ಸೇರಿಸಿ ಬೆಳೆಸಿ. ನಮ್ಮ ತರಗತಿಗಳಲ್ಲಿ ಮೊದಲನೆಯ ನಿಯಮವೇ ಕಷ್ಟ. ಮಕ್ಕಳು ಬಾಯಿ ತೆರೆಯುವ ಮುಂಚೆ ಮೇಷ್ಟರ ಮುಖ ನೋಡುತ್ತಾರೆ, ಜೋರು ಬಾಯಿಯ ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಒಬ್ಬೊಬ್ಬರೇ ಕೂತು ಯೋಚಿಸಿದವರ ವಿಚಾರಗಳನ್ನು ಒಟ್ಟುಗೂಡಿಸಿದರೆ ಗುಂಪಾಗಿ ಯೋಚಿಸಿದವರಿಗಿಂತ ಹೆಚ್ಚು ಸಿಗುತ್ತವೆ ಎಂದು 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಮೊದಲ ಹತ್ತು ನಿಮಿಷ ಯಾರೂ ಮಾತಾಡುವುದು ಬೇಡ. ಎಲ್ಲರ ಕೈಗೂ ಚೀಟಿ ಕೊಡಿ, ಒಂದು ಚೀಟಿಗೆ ಒಂದೇ ವಿಚಾರ, ಹೆಸರು ಬರೆಯುವುದು ಬೇಡ. ಆಮೇಲೆ ಎಲ್ಲವನ್ನೂ ಗೋಡೆಗೆ ಅಂಟಿಸಿ ಮಾತು ಶುರುಮಾಡಿ.

ಬೋರ್ಡಿನ ಮೇಲೆ ಬರೆಯುವ ಪ್ರಶ್ನೆಯ ಬಗ್ಗೆಯೂ ಎಚ್ಚರ ಬೇಕು. ‘ಬೀಗದಕೈಗೆ ಒಳ್ಳೆಯ ಹಿಡಿ ಮಾಡುವುದು ಹೇಗೆ’ ಎಂದು ಬರೆದರೆ ಬರುವುದು ಹಿಡಿಗಳು ಮಾತ್ರ. ‘ಬೆರಳು ಹಿಂಡದೆ ಅಜ್ಜಿ ಮನೆಯೊಳಗೆ ಹೋಗುವುದು ಹೇಗೆ’ ಎಂದು ಬರೆಯಿರಿ. ಆಗ ತೂಗುವ ಬೀಗವನ್ನು ಅಲುಗದಂತೆ ನಿಲ್ಲಿಸುವ ಗೂಡು, ನಂಬರ್ ಬೀಗ, ಬೇರೆ ಥರದ ಚಿಲಕ ಎಲ್ಲವೂ ಗೋಡೆಗೆ ಏರುತ್ತವೆ.

ಇನ್ನು ಕೈಗೆಲಸ. ಮೊದಲ ಮಾದರಿಗೆ ರಟ್ಟು, ಐಸ್‌ಕ್ರೀಂ ಕಡ್ಡಿ, ಸೈಕಲ್ ಟ್ಯೂಬಿನ ತುಂಡು, ಎಂ-ಸೀಲ್ ಸಾಕು. ವಿಜ್ಞಾನದ ಪಾಠ ಇಲ್ಲಿ ಕೈಗೇ ತಿಳಿಯುತ್ತದೆ. ಬೀಗದಕೈಯ ತಲೆ ಹಿಡಿದಾಗ ಬಲ ಬೀಳುವುದು ತಿರುಗುವ ನಡುವಿನಿಂದ ಸುಮಾರು 1 ಸೆಂ.ಮೀ. ದೂರದಲ್ಲಿ. ಅದೇ 5 ಸೆಂ.ಮೀ. ದೂರದಲ್ಲಿ ಒತ್ತುವಂತೆ ಮಾಡಿದರೆ ಐದನೇ ಒಂದು ಪಾಲು ಬಲ ಸಾಕು. ಹಾಗೆಂದು ಉದ್ದ ಮಾಡುತ್ತಲೇ ಹೋದರೆ ತೆಳ್ಳನೆಯ ಬೀಗದಕೈ ತಿರುಚಿಕೊಳ್ಳುತ್ತದೆ, ಅಜ್ಜಿಯ ಎಲೆಅಡಿಕೆ ಸಂಚಿಯೊಳಗೂ ಹಿಡಿಸುವುದಿಲ್ಲ.

ಇಂಥ ಎರಡು ಮೂರು ಮಾದರಿಗಳನ್ನು ಒಟ್ಟಿಗೇ ತೆಗೆದುಕೊಂಡು ಹೋಗಿ. ಒಂದನ್ನೇ ಕೊಟ್ಟು “ಚೆನ್ನಾಗಿದೆಯಾ ಅಜ್ಜಿ?” ಎಂದು ಕೇಳಿದರೆ “ಚೆನ್ನಾಗಿದೆ ಮಗಾ” ಎಂದೇ ಅವರು ಹೇಳುವುದು. ನಿಮ್ಮ ಮನಸ್ಸು ನೋಯಬಾರದಲ್ಲ! ಬಾಯಿಯ ಉತ್ತರಕ್ಕಿಂತ ಕೈ ನೋಡಿ: ಎರಡನೇ ಸಲ ಯಾವುದನ್ನು ಎತ್ತಿಕೊಂಡರು, ಎಲ್ಲಿ ತಡವರಿಸಿದರು, ಯಾವಾಗ ಮುಖ ಕಿವುಚಿದರು.

ಅಳತೆ, ಆಕಾರ ಗಟ್ಟಿಯಾದ ಮೇಲೆ ಪ್ರಿಂಟರ್ ಸರದಿ. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಬಿಸಿನೀರಿಗೆ ಬಿದ್ದರೆ ಸೊಟ್ಟಗಾದೀತು. ಪದರಗಳು ಕೂಡುವ ಜಾಗದಲ್ಲೇ ಅದು ಬೇಗ ಮುರಿಯುವುದು. ಅದಕ್ಕೆ ಹಿಡಿಯನ್ನು ನಿಲ್ಲಿಸಿ ಪ್ರಿಂಟ್ ಮಾಡದೆ ಮಲಗಿಸಿ ಮಾಡಿ.

ಸೆನ್ಸರ್ ಆಸೆಯಿರುವವರಿಗೆ ದೆಹಲಿ ಐಐಟಿಯ ಸ್ಮಾರ್ಟ್‌ಕೇನ್ ಬಗ್ಗೆ ಹೇಳಲೇಬೇಕು. ಅದು ಶುರುವಾದದ್ದೂ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿಯೇ. ಬಳಕೆಗೆ ಬಿಡುಗಡೆಯಾದದ್ದು 2014ರಲ್ಲಿ. ಅಂಧರ ಬಿಳಿ ಕೋಲು ನೆಲದ ಮೇಲಿನ ಅಡೆತಡೆಯನ್ನು ಚೆನ್ನಾಗಿ ತಿಳಿಸುತ್ತದೆ. ತಲೆಯ ಮಟ್ಟಕ್ಕೆ ಬಾಗಿದ ಕೊಂಬೆ, ನಿಂತ ಲಾರಿಯ ಹಿಂಬದಿ, ರಸ್ತೆಗೆ ತೆರೆದ ಕಿಟಕಿ ಮಾತ್ರ ಅದಕ್ಕೆ ಸಿಗುವುದಿಲ್ಲ. ಆ ತಂಡ ಕೋಲನ್ನು ಬದಲಿಸಲು ಹೋಗಲಿಲ್ಲ. ಅದೇ ಕೋಲಿಗೆ ಸಿಕ್ಕಿಸುವ, 3 ಮೀಟರ್‌ವರೆಗಿನ ಅಡ್ಡಿಯನ್ನು ಶ್ರವಣಾತೀತ ಧ್ವನಿಯಿಂದ ಗುರುತಿಸುವ ಹಿಡಿ ಮಾಡಿತು. ಅದು ಎಚ್ಚರಿಸುವುದು ಕೈಗೆ ತಾಗುವ ಕಂಪನದಿಂದ. ಶಾಲಾ ಪ್ರದರ್ಶನಗಳ ಕೋಲುಗಳು ಹೆಚ್ಚಾಗಿ ‘ಬೀಪ್’ ಎನ್ನುತ್ತವೆ. ಆದರೆ ರಸ್ತೆ ದಾಟುವ ಅಂಧರು ವಾಹನದ ಸದ್ದನ್ನು ಕಿವಿಯಿಂದಲೇ ಅಳೆಯುವವರು. ಬಜರ್ ಅಲ್ಲಿ ಅವರ ಕಿವಿಗೆ ಅಡ್ಡಬರುತ್ತದೆ. ಅಂಧರೊಬ್ಬರ ಜೊತೆ ಒಂದು ಸಂಜೆ ನಡೆದರೂ ಇದು ಗೊತ್ತಾಗುತ್ತದೆ.

ಪ್ರದರ್ಶನ ಮುಗಿದು ಬಹುಮಾನ ಬಂದಮೇಲೂ ಕೆಲಸ ಉಳಿದಿರುತ್ತದೆ. ಬೀಗದಕೈಯ ಹಿಡಿ ಮುರಿದರೆ ಯಾರನ್ನು ಕೇಳಬೇಕೆಂದು ಅಜ್ಜಿಯ ಮನೆಯವರಿಗೆ ತಿಳಿಸಿ, ವಿನ್ಯಾಸದ ಫೈಲನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ಮುಂದಿನ ವರ್ಷದ ತಂಡಕ್ಕೆ ಸಿಗುವ ಹಾಗೆ ಇಡಿ. ತಿಂಗಳು ಬಿಟ್ಟು ಮತ್ತೊಮ್ಮೆ ಅಲ್ಲಿಗೆ ಹೋಗಿ. ಹಿಡಿ ಬಳಕೆಯಲ್ಲಿದ್ದರೆ ಎಲ್ಲಿ ಸವೆದಿದೆ ನೋಡಿ. ಮೂಲೆಗೆ ಬಿದ್ದಿದ್ದರೆ ಬೇಸರಪಡದೆ ಯಾಕೆಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ.