ಪುಟ್ಟ ಮಕ್ಕಳೊಂದಿಗೆ ಲಾಲ್‌ಬಾಗ್: ಎರಡು ಗಂಟೆ, ಎರಡೇ ಜಾಗ

ಲಾಲ್‌ಬಾಗ್ 240 ಎಕರೆಯ ತೋಟ. ಶಾಲೆಯ ಬಸ್ಸು ಗೇಟಿನ ಮುಂದೆ ನಿಂತ ಕೂಡಲೇ ಅದನ್ನೆಲ್ಲ ಒಂದೇ ಬೆಳಿಗ್ಗೆ ತೋರಿಸಿಬಿಡಬೇಕೆಂಬ ಆಸೆ ಟೀಚರುಗಳಿಗೆ ಬರುವುದು ಸಹಜ. ಬಂಡೆ, ಹೂವಿನ ಗಡಿಯಾರ, ಗಾಜಿನ ಮನೆ, ಬೋನ್ಸಾಯ್ ತೋಟ, ಕೆರೆ ಎಂದು ಪಟ್ಟಿ ಹಿಡಿದು ಹೊರಟರೆ ಮಕ್ಕಳು ಸಾಲಿನಲ್ಲಿ ಮುಂದಿನವರ ಬೆನ್ನು ನೋಡುತ್ತ ನಡೆಯುತ್ತಾರೆ. ಮನೆಗೆ ಹೋದ ಮೇಲೆ ಅವರ ನೆನಪಿನಲ್ಲಿ ಉಳಿಯುವುದು ಬಸ್ಸಿನಲ್ಲಿ ಹಾಡಿದ ಹಾಡು ಮತ್ತು ತಿಂದ ತಿಂಡಿ. ಒಂದರಿಂದ ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ಎರಡು ಗಂಟೆ, ಎರಡೇ ಜಾಗ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಬರಹ ಆ ಎರಡು ಗಂಟೆಯನ್ನು ಯೋಜಿಸುವವರಿಗಾಗಿ.

ಮೊದಲು ದಿನವನ್ನು ಆರಿಸಿಕೊಳ್ಳಿ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಪ್ರದರ್ಶನ ಚೆನ್ನಾಗಿಯೇ ಇರುತ್ತದೆ. ಆದರೆ ಆ ಜನಜಂಗುಳಿಯಲ್ಲಿ ಆರು ವರ್ಷದ ಮಗುವಿಗೆ ಕಾಣುವುದು ದೊಡ್ಡವರ ಮೊಣಕಾಲು ಮಾತ್ರ. ಆ ದಿನಗಳನ್ನೂ ಅದರ ಹಿಂದಿನ ತಯಾರಿಯ ವಾರವನ್ನೂ ಬಿಟ್ಟುಬಿಡಿ. ಶನಿವಾರ, ಭಾನುವಾರವೂ ಬೇಡ. ಶಾಲೆಯ ಬ್ಯಾಗಿಲ್ಲದ ದಿನವಾದ ಸಂಭ್ರಮ ಶನಿವಾರಕ್ಕೆ ಹೊರಗೆ ಕರೆದೊಯ್ಯಬೇಕೆಂದಿದ್ದರೆ ಶಾಲೆಯ ಹತ್ತಿರದ ಬಡಾವಣೆಯ ಪಾರ್ಕೇ ಉತ್ತಮ. ಲಾಲ್‌ಬಾಗ್‌ಗೆ ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನವಿರಲಿ. ತಿಂಗಳುಗಳಲ್ಲಿ ನವೆಂಬರಿನಿಂದ ಮಾರ್ಚ್ ಮೊದಲ ಭಾಗದವರೆಗೆ ಹಿತ. ಬಿಸಿಲು ಸೌಮ್ಯವಾಗಿರುತ್ತದೆ, ಗುಲಾಬಿ ಬಣ್ಣದ ಟಬೂಬಿಯಾ ಅರಳುತ್ತದೆ, ಎಲೆ ಉದುರಿಸುವ ಮರಗಳ ಕೆಳಗೆ ಮಕ್ಕಳಿಗೆ ಬೇಕಾದಷ್ಟು ಸಾಮಗ್ರಿ ಬಿದ್ದಿರುತ್ತದೆ. ಮಳೆಗಾಲದ ಬೆಳಗುಗಳನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಬಂಡೆ ಒದ್ದೆಯಾಗಿದ್ದರೆ ಅದನ್ನು ಹತ್ತಿಸಬೇಡಿ.

ತೋಟ ಬೆಳಿಗ್ಗೆ 6ಕ್ಕೇ ತೆರೆಯುತ್ತದೆ. ಮಕ್ಕಳು ಎಂಟೂವರೆಗೆ ಗೇಟಿನೊಳಗಿದ್ದರೆ ಹತ್ತೂವರೆ, ಹನ್ನೊಂದರೊಳಗೆ ಎಲ್ಲ ಮುಗಿಯುತ್ತದೆ. ತೋಟಗಾರಿಕೆ ಇಲಾಖೆಯ ಲಾಲ್‌ಬಾಗ್ ಕಚೇರಿಗೆ ಮುಂಚಿತವಾಗಿ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಿ. ಎಷ್ಟು ಮಕ್ಕಳು, ಯಾವ ತರಗತಿ, ಯಾವ ದಿನ, ಯಾವ ಗೇಟು ಎಂದು ಅದರಲ್ಲಿರಲಿ. ಪ್ರವೇಶ ಶುಲ್ಕ, ಬಸ್ಸು ನಿಲ್ಲಿಸುವ ಜಾಗ ಎರಡನ್ನೂ ಅಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಮೆಟ್ರೋದಲ್ಲಿ ಬರುವ ಸಣ್ಣ ತಂಡವಾದರೆ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಬಂಡೆ ನೋಡುವ ಯೋಜನೆಯಿದ್ದರೆ ಎಂ.ಟಿ.ಆರ್. ಹೋಟೆಲಿನ ಕಡೆಯ ಮುಖ್ಯದ್ವಾರವೇ ಸರಿ.

ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಕರೆದೊಯ್ಯುವ ಟೀಚರು ಹಿಂದಿನ ವಾರ ಒಬ್ಬರೇ ಹೋಗಿ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ನಡೆದು ಬರಬೇಕು. ಶೌಚಾಲಯ ಎಲ್ಲಿದೆ, ಯಾವ ಮರದ ಕೆಳಗೆ ಕಾಯಿ ಬಿದ್ದಿದೆ, ಎಲ್ಲಿ ಹೆಜ್ಜೇನು ಕಟ್ಟಿದೆ, ಎಲ್ಲಿ ಮೂವತ್ತು ಮಕ್ಕಳು ನೆರಳಲ್ಲಿ ಕೂರಬಹುದು ಎನ್ನುವುದು ನಕ್ಷೆಯಲ್ಲಿ ಸಿಗುವುದಿಲ್ಲ.

ಮೊದಲ ಜಾಗವಾಗಿ ಬಂಡೆಯನ್ನೇ ಆರಿಸಿ. ಮುಖ್ಯದ್ವಾರದಿಂದ ಒಳಗೆ ಬಂದರೆ ಎದುರಿಗೇ ಕಾಣುವ, ತುದಿಯಲ್ಲಿ ಕೆಂಪೇಗೌಡರ ಗೋಪುರವಿರುವ ಈ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಇದು ನೈಸ್ ಎಂಬ ಜಾತಿಯ ಕಲ್ಲು, ವಯಸ್ಸು ಸುಮಾರು 300 ಕೋಟಿ ವರ್ಷ. ಈ ಸಂಖ್ಯೆಯನ್ನು ಏಳು ವರ್ಷದ ಮಗುವಿಗೆ ಹೇಳಿ ಪ್ರಯೋಜನವಿಲ್ಲ. ಬದಲಿಗೆ ಎಲ್ಲರೂ ಅಂಗೈಯನ್ನು ಬಂಡೆಯ ಮೇಲಿಡಲಿ. ಬೆಳಗಿನ ಹೊತ್ತು ಅದು ತಣ್ಣಗಿರುತ್ತದೆ. ಬಿಸಿಲು ಬಿದ್ದ ಭಾಗವನ್ನೂ ನೆರಳಿನ ಭಾಗವನ್ನೂ ಮುಟ್ಟಿ ಹೋಲಿಸಲಿ. ಕಲ್ಲಿನಲ್ಲಿ ಬೂದು, ಬಿಳಿ ಪಟ್ಟೆಗಳು ಓಡುತ್ತವೆ. ಒಂದು ಪಟ್ಟೆಯನ್ನು ಬೆರಳಿನಿಂದ ಹಿಂಬಾಲಿಸಿ ಎಲ್ಲಿಗೆ ಮುಗಿಯುತ್ತದೆ ನೋಡಿ ಎಂದರೆ ಸಾಕು, ಮಕ್ಕಳು ಮಂಡಿಯೂರಿ ಹೊರಟುಬಿಡುತ್ತಾರೆ. ಭೂಮಿಯ ಆಳದಲ್ಲಿ ಭಾರಿ ಒತ್ತಡ ಮತ್ತು ಬಿಸಿಯಲ್ಲಿ ಕಲ್ಲು ಮೆತ್ತಗಾಗಿ ಮಡಿಸಿಕೊಂಡದ್ದರ ಗುರುತು ಆ ಪಟ್ಟೆಗಳು. ಅಲ್ಲೇ ಅಲ್ಲಲ್ಲಿ ಬಿಳಿ, ಹಸಿರುಬೂದು ಮಚ್ಚೆಗಳಿರುತ್ತವೆ. ಅದು ಕಲ್ಲುಹೂವು. ಅಮ್ಮನ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಂಧು ಇದು ಎಂದು ಹೇಳಿ ನೋಡಿ, ಮಕ್ಕಳು ಮನೆಗೆ ಹೋಗಿ ಡಬ್ಬಿ ತೆಗೆಸುತ್ತಾರೆ. ಪಾಚಿ ಮತ್ತು ಶಿಲೀಂಧ್ರ ಒಟ್ಟಿಗೆ ಬಾಳುವ ಈ ಜೀವ ಕಲ್ಲನ್ನು ನಿಧಾನವಾಗಿ ಸವೆಸುತ್ತದೆ. ಬಿರುಕಿನಲ್ಲಿ ಚಿಟಿಕೆ ಮಣ್ಣು, ಮಣ್ಣಿನಲ್ಲಿ ಹುಲ್ಲು, ಹುಲ್ಲಿನ ಪಕ್ಕ ಒಂದು ಗಿಡ. ಕಲ್ಲು ಮಣ್ಣಾಗುವ ಇಡೀ ಕತೆ ನಾಲ್ಕು ಅಡಿಯೊಳಗೆ ಸಿಗುತ್ತದೆ. ಅದನ್ನು ವಿವರಿಸಲು ಆತುರಪಡಬೇಡಿ, ಎಲ್ಲಿ ಮಣ್ಣಿದೆ ಹುಡುಕಿ ಎಂದಷ್ಟೇ ಹೇಳಿ.

ಓತಿಕೇತ ಕಾಣಿಸಿದರೆ ಎಲ್ಲ ಪಾಠವನ್ನೂ ನಿಲ್ಲಿಸಿ. ಅದು ತಲೆ ಆಡಿಸುವುದನ್ನು ಮಕ್ಕಳು ನೋಡಿ ಮುಗಿಸಲಿ.

ಬಂಡೆಗೆ ಮುಕ್ಕಾಲು ಗಂಟೆ ಕೊಡಿ. ಹತ್ತೂವರೆಯ ನಂತರ ಕಲ್ಲು ಕಾಯುತ್ತದೆ, ಆದ್ದರಿಂದ ಇದೇ ಮೊದಲಾಗಲಿ. ಇಳಿಜಾರಿನ ಕಡೆ ಒಬ್ಬ ದೊಡ್ಡವರು ನಿಂತಿರಲೇಬೇಕು. ಬಂಡೆಯ ಹತ್ತಿರ ಉಪ್ಪುಖಾರ ಹಾಕಿದ ಮಾವಿನಕಾಯಿ, ಸೌತೆಕಾಯಿ ಮಾರುವವರು ಎದುರಾಗುತ್ತಾರೆ. ಇವತ್ತು ಅದಿಲ್ಲ ಎಂದು ಶಾಲೆಯಲ್ಲೇ ಹೇಳಿ ಕರೆತಂದರೆ ಅಲ್ಲಿ ಅಳು, ಹಠ ಇರುವುದಿಲ್ಲ.

ಎರಡನೆಯ ಜಾಗ ಮರಗಳು. ಯಾವ ಮರ ಎನ್ನುವುದನ್ನು ನೀವು ಮುಂಚೆ ಬಂದಾಗ ಆರಿಸಿಕೊಂಡಿರಬೇಕು. ಮೂರು ಮರ ಸಾಕು. ಲಾಲ್‌ಬಾಗ್‌ನ ಹಳೆಯ ಬಿಳಿ ಬೂರುಗದ ಮರವನ್ನು ದಾರಿಗೆ ಸೇರಿಸಿಕೊಳ್ಳಲು ಸಾಧ್ಯವಾದರೆ ಖಂಡಿತ ಸೇರಿಸಿಕೊಳ್ಳಿ. ಅದರ ಬುಡದ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ. ಇಷ್ಟೆತ್ತರದ ಮರ ಗಾಳಿಗೆ ಬೀಳದಿರಲು ಏನು ಮಾಡಿಕೊಂಡಿದೆ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಬೇರೊಂದು ದಪ್ಪ ಮರದ ಸುತ್ತ ಮಕ್ಕಳು ಕೈಕೈ ಹಿಡಿದು ನಿಲ್ಲಲಿ. ಎಷ್ಟು ಮಂದಿ ಬೇಕಾಯಿತು ಎನ್ನುವುದೇ ಅಳತೆ. ಮರುದಿನ ಗಣಿತದ ತರಗತಿಯಲ್ಲಿ ಅದೇ ಸಂಖ್ಯೆ ಹಗ್ಗಕ್ಕೆ, ಮೀಟರಿಗೆ ತಿರುಗಬಹುದು. ತೊಗಟೆಯ ಮೇಲೆ ತೆಳುಹಾಳೆ ಇಟ್ಟು ಕ್ರೇಯಾನ್ ಅಡ್ಡಹಿಡಿದು ತಿಕ್ಕಿದರೆ ಮರದ ಗುರುತು ಹಾಳೆಗೆ ಬರುತ್ತದೆ. ಇದನ್ನು ಮಾಡದ ತಂಡದ್ದು ಅರ್ಧ ಪ್ರವಾಸವೆಂದೇ ನಾನು ಎಣಿಸುತ್ತೇನೆ.

ನಾಗಲಿಂಗದ ಮರಕ್ಕೆ ಬೇರೆಯೇ ಎಚ್ಚರ ಬೇಕು. ಹೂ ಕೊಂಬೆಯ ತುದಿಯಲ್ಲಿ ಬಿಡದೆ ಕಾಂಡದಿಂದಲೇ ಹೊರಟ ಗೊಂಚಲಿನಲ್ಲಿ ಬಿಡುತ್ತದೆ. ಕೆಳಗೆ ಬಿದ್ದ ಒಂದು ಹೂವನ್ನು ಅಂಗೈಯಲ್ಲಿಟ್ಟು ಎಲ್ಲರೂ ಮೂಸಲಿ, ಹೆಡೆಯಂತೆ ಬಾಗಿದ ಭಾಗವನ್ನು ನೋಡಲಿ. ಕಾಯಿಗಳು ದೊಡ್ಡವು, ಗಟ್ಟಿ, ಭಾರ. ಕಾಯಿ ತೂಗುತ್ತಿರುವ ಮರದ ಕೆಳಗೆ ಮಕ್ಕಳನ್ನು ಕೂರಿಸಬೇಡಿ. ನಮ್ಮ ಶಿವಾಲಯಗಳ ಅಂಗಳದಲ್ಲಿ ಕಾಣುವ ಈ ಮರದ ತವರು ದಕ್ಷಿಣ ಅಮೆರಿಕ. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರವೂ ಅಮೆರಿಕ ಖಂಡದ್ದೇ. 1760ರಲ್ಲಿ ಹೈದರಾಲಿ ಶುರುಮಾಡಿ, ಟಿಪ್ಪು ಬೆಳೆಸಿದ ಈ ತೋಟಕ್ಕೆ ಆಗಿನಿಂದಲೂ ದೂರದ ಗಿಡಗಳು ಬಂದು ಬೇರೂರಿವೆ. ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದು ಬೆಳೆಸಿದ್ದು ಇಲ್ಲಿನ ಅಧೀಕ್ಷಕರಾಗಿದ್ದ ಜಾನ್ ಕ್ಯಾಮರನ್. ನಾಲ್ಕನೇ ತರಗತಿಯವರಾದರೆ ಈ ಕತೆಯನ್ನು ಭೂಪಟದೊಂದಿಗೆ ಹೇಳಬಹುದು. ಒಂದನೇ ತರಗತಿಗೆ ಅಗತ್ಯವಿಲ್ಲ.

ಮರದ ಕೆಳಗೆ ಮಾಡಿಸಬಹುದಾದ ಇನ್ನೊಂದು ಕೆಲಸ ಎಲೆ ರಂಗೋಲಿ. ಕಿತ್ತ ಎಲೆ ಒಂದೂ ಬೇಡ, ಬಿದ್ದದ್ದು ಮಾತ್ರ. ಅಂಚು ನುಣುಪಾದವು ಒಂದು ಕಡೆ, ಹಲ್ಲುಹಲ್ಲಾದವು ಇನ್ನೊಂದು ಕಡೆ, ಹುಳ ತಿಂದವು ಮತ್ತೊಂದು ಕಡೆ. ತಿಂದ ಎಲೆಯನ್ನು ಹಿಡಿದು ಯಾರು ತಿಂದಿರಬಹುದು ಎಂದು ವಾದಿಸುವ ಮಕ್ಕಳನ್ನು ನೋಡುವುದೇ ಒಂದು ಸಂತೋಷ. ರಂಗೋಲಿಯನ್ನು ಅಲ್ಲೇ ಬಿಟ್ಟು ಬನ್ನಿ. ಆ ಎಲೆಗಳು ಆ ಮಣ್ಣಿಗೆ ಸೇರಬೇಕಾದವು. ಕೊನೆಗೆ ಎರಡು ನಿಮಿಷ ಕಣ್ಣು ಮುಚ್ಚಿ, ಮುಷ್ಟಿ ಹಿಡಿದು ಕೂರಿಸಿ. ಹೊಸ ಸದ್ದು ಕೇಳಿದಾಗಲೆಲ್ಲ ಒಂದು ಬೆರಳು ಬಿಚ್ಚಬೇಕು. ಅಳಿಲು, ಗಿಳಿ, ಕುಟ್ರುಹಕ್ಕಿ, ದೂರದ ಬಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

“ಮಿಸ್, ಇದರ ಹೆಸರೇನು?” ಎಂಬ ಪ್ರಶ್ನೆ ಬಂದಾಗ ಕೂಡಲೇ ಹೆಸರು ಹೇಳಿಬಿಡಬೇಡಿ. ಹೆಸರು ಸಿಕ್ಕಿದ ಮೇಲೆ ಮಗು ಆ ಗಿಡವನ್ನು ಬಿಟ್ಟು ಮುಂದಿನದಕ್ಕೆ ಓಡುತ್ತದೆ. ಮೊದಲು ಮುಟ್ಟಲಿ, ಮೂಸಲಿ, ಇನ್ನೊಂದು ಗಿಡದೊಂದಿಗೆ ಹೋಲಿಸಲಿ, ತಾನೇ ಒಂದು ಹೆಸರಿಡಲಿ. ನಿಮಗೇ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಹುಡುಕೋಣ ಎನ್ನಿ. ತೋಟದ ಮಾಲಿಗಳು ಹತ್ತಿರವಿದ್ದರೆ ಮಕ್ಕಳೇ ಹೋಗಿ, “ಅಣ್ಣಾ, ಇದು ಯಾವ ಗಿಡ?” ಎಂದು ಕೇಳಲಿ. ಅದೂ ಕಲಿಕೆಯೇ. ಬಿಟ್ಟ ಸ್ಥಳ ತುಂಬುವ ವರ್ಕ್‌ಶೀಟನ್ನು ಮಾತ್ರ ದಯವಿಟ್ಟು ತರಬೇಡಿ. ಹಾಳೆ ಕೈಗೆ ಬಂದರೆ ಕಣ್ಣು ಹಾಳೆಗೆ ಹೋಗುತ್ತದೆ.

ಕೆರೆ ಈ ದಿನಕ್ಕೆ ಬೇಡ. ಅದು ತೋಟದ ದಕ್ಷಿಣದಲ್ಲಿದೆ, ಬಂಡೆಯಿಂದ ಅಲ್ಲಿಗೆ ನಡಿಗೆ ಪುಟ್ಟ ಕಾಲುಗಳಿಗೆ ಹೆಚ್ಚು. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ನೋಡಲು ಇನ್ನೊಂದು ದಿನ ಅದೊಂದಕ್ಕೇ ಬನ್ನಿ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಚೆಂದವೇ, ದಾರಿಯಲ್ಲಿ ಸಿಕ್ಕರೆ ಹೊರಗಿನಿಂದ ನೋಡಿಕೊಂಡು ಹೋಗಿ.

ಸುರಕ್ಷತೆಯ ಮಾತು. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರಿರಲಿ, ಪೋಷಕರನ್ನು ಕರೆಯಲು ಹಿಂಜರಿಯಬೇಡಿ. ಕೊರಳಿನ ಕಾರ್ಡಿನಲ್ಲಿ ಶಾಲೆಯ ಹೆಸರು, ಟೀಚರಿನ ಫೋನ್ ನಂಬರು ಸಾಕು, ಮಗುವಿನ ಹೆಸರು ಎದ್ದು ಕಾಣುವುದು ಬೇಡ. ಒಳಗೆ ಬಂದ ಕೂಡಲೇ ಎಲ್ಲರನ್ನೂ ಒಮ್ಮೆ ಶೌಚಾಲಯಕ್ಕೆ ಕರೆದೊಯ್ಯಿರಿ. ಚಪ್ಪಲಿ ಬೇಡ, ಶೂ ಇರಲಿ. ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ಚಿತ್ರಾನ್ನವೋ ಚಪಾತಿಯೋ, ಒಂದು ಬಾಳೆಹಣ್ಣು. ಪ್ಲಾಸ್ಟಿಕ್ ಕವರಿನ ಕುರುಕಲು ಬೇಡ. ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಗೂಡಿರುವ ಮರದ ಹತ್ತಿರ ಹೋಗಬೇಡಿ, ಕಲ್ಲೆಸೆಯದಂತೆ ನೋಡಿಕೊಳ್ಳಿ, ಆ ದಿನ ಸೆಂಟು ಹಾಕಿಕೊಂಡು ಬರಬೇಡಿ ಎಂದು ಪೋಷಕರಿಗೂ ತಿಳಿಸಿ. ಜೇನು ಎದ್ದರೆ ಮುಖ, ತಲೆ ಮುಚ್ಚಿಕೊಂಡು ದೂರ ಓಡಬೇಕು, ಕೈ ಬೀಸಬಾರದು. ಅಲರ್ಜಿ ಇರುವ ಮಕ್ಕಳ ಪಟ್ಟಿ, ಔಷಧಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಒಬ್ಬರೇ ಟೀಚರಿನ ಬಳಿ ಇರಲಿ.

ನಡೆಯಲು ಕಷ್ಟವಾಗುವ ಮಗುವಿದ್ದರೆ ಬಿಟ್ಟುಬರಬೇಡಿ. ತೋಟದೊಳಗೆ ಬ್ಯಾಟರಿ ವಾಹನಗಳಿವೆ, ಮುಖ್ಯ ದಾರಿಗಳು ಸಮತಟ್ಟಾಗಿವೆ. ಕಣ್ಣು ಕಾಣದ ಮಗುವಿಗೆ ತೊಗಟೆ, ಕಲ್ಲು, ಹೂವಿನ ವಾಸನೆ, ಹಕ್ಕಿಯ ದನಿ ಎಲ್ಲವೂ ಇವೆ. ಮೇಲೆ ಹೇಳಿದ ಬಹುಪಾಲು ಚಟುವಟಿಕೆಗೆ ಕಣ್ಣು ಬೇಕಾಗಿಯೇ ಇಲ್ಲ.

ಬೆಂಗಳೂರಿನಿಂದ ದೂರದ ಶಾಲೆಗಳು ಇದಕ್ಕಾಗಿ ರಾತ್ರಿಯಿಡೀ ಪ್ರಯಾಣ ಮಾಡಿ ಬರಬೇಕಾಗಿಲ್ಲ. ಮೈಸೂರಿನವರಿಗೆ ಕಾರಂಜಿ ಕೆರೆ, ಮಂಗಳೂರಿನವರಿಗೆ ಪಿಲಿಕುಳ ಇವೆ. ಊರಿನ ಗುಂಡುತೋಪು ಇದ್ದರೆ ಅದೂ ಆಗುತ್ತದೆ.

ಹಿಂದಿರುಗಿದ ಮರುದಿನ ಪ್ರಬಂಧ ಬರೆಸಬೇಡಿ, ಚಿತ್ರ ಬಿಡಿಸಲಿ, ಮಾತಾಡಲಿ. ಮೂರು ತಿಂಗಳ ನಂತರ ಅದೇ ಮಕ್ಕಳನ್ನು ಅದೇ ಮರದ ಬಳಿಗೆ ಇನ್ನೊಮ್ಮೆ ಕರೆದುಕೊಂಡು ಹೋಗಿ. ಎಲೆಯಿದ್ದಲ್ಲಿ ಹೂವು, ಹೂವಿದ್ದಲ್ಲಿ ಕಾಯಿ ಬಂದದ್ದನ್ನು ಅವರೇ ಹೇಳುತ್ತಾರೆ. ಹೊಸ ಊರು ತೋರಿಸುವ ಖರ್ಚಿನಲ್ಲಿ ಈ ಎರಡನೇ ಭೇಟಿಯನ್ನು ವರ್ಷದ ಯೋಜನೆಗೆ ಈಗಲೇ ಸೇರಿಸಿ, ಮುಖ್ಯೋಪಾಧ್ಯಾಯರಿಂದ ಎರಡೂ ದಿನಾಂಕಗಳಿಗೆ ಒಟ್ಟಿಗೇ ಒಪ್ಪಿಗೆ ಪಡೆಯಿರಿ.